ನಿಲ್ಲುತ್ತಂತೆ

ಕೂತಲ್ಲೇ ಮಾತು ದಾಟಿಸುವ ಕೆಲಸದಲ್ಲಿ ದಣಿಯುವುದಕ್ಕೆ ಏನಿದೆ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಒಬ್ಬ ಹೆಂಗಸು ಗಂಡನಿಗೂ ಹೇಳದ ಮಾತನ್ನು ತಲೆ ತಗ್ಗಿಸಿ ಹೇಳುವಾಗ, ಅದನ್ನು ಇನ್ನೊಂದು ಭಾಷೆಯಲ್ಲಿ ತಲೆಯೆತ್ತಿ ಹೇಳುವ ಕೆಲಸವನ್ನು ಅವರು ಒಂದು ಬೆಳಿಗ್ಗೆ ಮಾಡಿ ನೋಡಲಿ. ಮನೆಗೆ ಬಂದ ಮೇಲೆ ನನಗೆ ಅಕ್ಕಿ ತೊಳೆಯುವುದಕ್ಕೂ ಕೈ ಏಳುವುದಿಲ್ಲ.

ಚೀನೀ ವೈದ್ಯರನ್ನು ಮಲೇಷ್ಯಾದಲ್ಲಿ ಸಿನ್ಸೆ ಎನ್ನುತ್ತಾರೆ. ನಾನು ಹೋಗುವ ಸಿನ್ಸೆ ಹೆಂಗಸು, ನನಗಿಂತ ಚಿಕ್ಕವರು. ಪುಚೊಂಗಿನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದ ಅಂಗಡಿ ಸಾಲಿನಲ್ಲಿ, ಟಯರ್ ಅಂಗಡಿಗೂ ತಮಿಳರ ಹೂವಿನ ಅಂಗಡಿಗೂ ನಡುವೆ ಅವರ ಕ್ಲಿನಿಕ್ ಇದೆ. ಅವರಿಗೆ ಮಲಯ್ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ತರಕಾರಿ ಕೊಳ್ಳುವಷ್ಟು ಮಾತ್ರ. ನಮ್ಮ ಕಡೆಯಿಂದ ಇಲ್ಲಿಗೆ ಬಂದ ಹೆಂಗಸರಿಗೆ ಇಂಗ್ಲಿಷ್ ಧಾರಾಳ, ಮಲಯ್ ಮಾತ್ರ ‘ತೆರಿಮಾ ಕಾಸಿ’ ಎಂಬ ಥ್ಯಾಂಕ್ಸಿಗೇ ಮುಗಿಯುತ್ತದೆ. ಇಬ್ಬರ ನಡುವೆ ನಾನು. ನಿಲಾಯ್‌ನ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ನನ್ನ ಮಲಯ್ ಪುಸ್ತಕದಿಂದ ಬಂದದ್ದಲ್ಲ, ಅಡುಗೆಯವರು, ಕಾವಲಿನವರು, ನಲ್ಲಿ ರಿಪೇರಿಯವರ ಜೊತೆ ವರ್ಷಗಟ್ಟಲೆ ಜಗಳವಾಡಿ ಬಂದದ್ದು.

ಶುರುವಾದದ್ದು ನನ್ನ ಮಂಡಿನೋವಿನಿಂದ. ಸೂಜಿ ಚುಚ್ಚಿಸಿಕೊಂಡು ಬಂದು ಒಬ್ಬಳಿಗೆ ಹೇಳಿದೆ. ಅವಳು ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮಂಡಿನೋವಿನವರು ಬರುತ್ತಾರೆಂದುಕೊಂಡಿದ್ದೆ. ಬಂದವರೆಲ್ಲ ನಲವತ್ತು ದಾಟಿದ, ಐವತ್ತು ಮುಟ್ಟದ ಹೆಂಗಸರು. ನಿದ್ದೆಯಿಲ್ಲ ಎನ್ನುವವರು, ಮೀಟಿಂಗಿನ ನಡುವೆ ಮುಖ ಕೆಂಡವಾಗುತ್ತದೆ ಎನ್ನುವವರು, ಮಗ ಟವೆಲನ್ನು ಮಂಚದ ಮೇಲೆ ಬಿಟ್ಟದ್ದಕ್ಕೆ ಬಿಕ್ಕಿಬಿಕ್ಕಿ ಅತ್ತವರು. ಪುತ್ರಜಯಾದಿಂದ ಒಬ್ಬಳು ಕಾರಿನಲ್ಲಿ ಬರುತ್ತಾಳೆ, ದಾರಿಯಲ್ಲಿ ತನ್ನ ಮನೆಯ ತಿರುವೇ ಮರೆತುಹೋಯಿತು ಎಂದು ಹೇಳಿ ನಗುತ್ತಾಳೆ, ನಗು ಮುಗಿಯುವ ಮೊದಲೇ ಕಣ್ಣು ತುಂಬಿರುತ್ತದೆ.

ಬರುವವರಿಗೆಲ್ಲ ನನ್ನ ನಿಯಮಗಳಿವೆ. ಮೊದಲು ಆಸ್ಪತ್ರೆ, ರಕ್ತ ಪರೀಕ್ಷೆ, ಅಲ್ಲಿನ ಡಾಕ್ಟರ ಮಾತು. ಆಮೇಲೆ ಸಿನ್ಸೆ. ಕೈಬಳೆ ಮನೆಯಲ್ಲೇ ತೆಗೆದಿಟ್ಟು ಬರಬೇಕು, ಸಿನ್ಸೆ ಎರಡೂ ಮಣಿಕಟ್ಟಿನ ನಾಡಿ ಹಿಡಿಯುತ್ತಾರೆ. ಕಾಫಿ ಕುಡಿದು ಬರಬಾರದು, ನಾಲಿಗೆ ನೋಡುತ್ತಾರೆ. ಮೈಸೂರು ಕಡೆಯವಳನ್ನು ಕಾಫಿಯಿಲ್ಲದೆ ಬೆಳಿಗ್ಗೆ ಮನೆಯಿಂದ ಹೊರಡಿಸುವುದಕ್ಕಿಂತ ಹಾಸ್ಟೆಲಿನ ಹುಡುಗಿಯರನ್ನು ಭಾನುವಾರ ಎಬ್ಬಿಸುವುದು ಸುಲಭವಾಗಿತ್ತು.

ನಿಯಮಕ್ಕೆ ಸಿಗದ ವಿಷಯ ಒಂದಿತ್ತು, ಅದು ನಮ್ಮ ಭಾಷೆ. ನಮ್ಮ ಹೆಂಗಸರು ಈ ವಿಷಯವನ್ನು ಹೆಸರಿಲ್ಲದೆ ಮಾತಾಡುತ್ತಾರೆ. ಬಂತಾ, ಬರಲಿಲ್ಲ, ತಡ ಆಯ್ತು, ಜಾಸ್ತಿ ಹೋಗ್ತಿದೆ. ಏನು ಬಂತು, ಏನು ಹೋಗುತ್ತಿದೆ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ತಾಯಿಯೂ ಹೀಗೇ ಮಾತಾಡುತ್ತಿದ್ದರು, ನಾನೂ ಹೀಗೇ. ಕನ್ನಡದಿಂದ ಮಲಯ್‌ಗೆ ಹೋಗುವಾಗ ಆ ಹೆಸರನ್ನು ನಾನು ಸೇರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಸಿನ್ಸೆಗೆ ತಿಳಿಯುವುದಿಲ್ಲ. ವಾಪಸು ಬರುವಾಗ ಅದು ತಾನಾಗಿಯೇ ಬಿದ್ದುಹೋಗುತ್ತದೆ.

ಎದುರು ಫ್ಲಾಟಿನ ಹೆಂಗಸಿನ ವಿಷಯ ಕೆಟ್ಟದ್ದು ಇಲ್ಲಿಯೇ. ಅವಳು ಬೆಂಗಳೂರಿನವಳು, ಸೈಬರ್‌ಜಯಾದ ಕಂಪನಿಯೊಂದರಲ್ಲಿ ಕೆಲಸ. ಗಂಡನೂ ಅದೇ ವೃತ್ತಿಯವನು. ವಯಸ್ಸು ನಲವತ್ತನಾಲ್ಕು. ಮಕ್ಕಳಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಮಗು. ಅದು ನನಗೆ ಆಗ ಗೊತ್ತಿರಲಿಲ್ಲ, ಆದರೆ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಆಮೇಲೆ ತೆಗೆದು ತೋರಿಸುವ ಆಟ ನನಗೆ ಹಿಡಿಸುವುದಿಲ್ಲ. ಮಕ್ಕಳು ಯಾಕಿಲ್ಲ ಎಂದು ಯಾರನ್ನೂ ಕೇಳುವ ಅಭ್ಯಾಸವೂ ನನಗಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯರ ಪೆಟ್ಟಿಗೆ ತೆರೆಯುತ್ತಿರಲಿಲ್ಲ, ಅದೇ ಪದ್ಧತಿ ಉಳಿದಿದೆ.

ನನಗೆ ಅವಳು ಹೇಳಿದ್ದು ಉಳಿದ ಕಷ್ಟಗಳನ್ನು. ರಾತ್ರಿ ಮೈಯೆಲ್ಲ ಬೆವರು, ಪಾದ ಮಾತ್ರ ತಣ್ಣಗೆ. ತಿಂಗಳ ಲೆಕ್ಕ ತಪ್ಪಿ, ಒಮ್ಮೊಮ್ಮೆ ಎರಡೆರಡು ಸಲ ಬರುತ್ತಿತ್ತು, ಬಂದರೆ ಆಫೀಸಿನ ಕುರ್ಚಿಯ ಮೇಲೆ ಕಪ್ಪು ಶಾಲು ಹಾಸಿಕೊಂಡೇ ಕೂರಬೇಕು. ಆಸ್ಪತ್ರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಪೆರಿಮೆನೋಪಾಸ್ ಎಂದಿದ್ದರು.

“ಪೆರಿ ಅಂದ್ರೆ ಇನ್ನೂ ಆಗಿಲ್ಲ ಅಂತ ಅಲ್ವಾ ಆಂಟಿ?” ಎಂದು ಅವಳು ಕೇಳಿದ್ದಳು.

“ಇನ್ನೂ ಆಗಿಲ್ಲ, ಆಗ್ತಾ ಇದೆ ಅಂತ” ಎಂದಿದ್ದೆ.

“ಅಂದ್ರೆ ಆಗಿಲ್ಲ” ಎಂದು ಅವಳು ಮೊದಲರ್ಧವನ್ನು ಮಾತ್ರ ಇಟ್ಟುಕೊಂಡಳು.

ಸಿನ್ಸೆ ಅವಳ ನಾಡಿ ಹಿಡಿದು ಬಹಳ ಹೊತ್ತು ಗೋಡೆ ನೋಡುತ್ತ ಕೂತರು. ನಾಲಿಗೆ ನೋಡಿದರು. ಆಮೇಲೆ ಪ್ರಶ್ನೆಗಳು. ಬಾಯಿ ಒಣಗುತ್ತದೆಯೇ, ಸೊಂಟ ನೋಯುತ್ತದೆಯೇ, ಕೋಪ ಬರುತ್ತದೆಯೇ.

“ಯಾರ್ ಮೇಲೆ ಅಂತ ಕೇಳಿ ಆಂಟಿ. ಮ್ಯಾನೇಜರ್ ಮೇಲಾ, ನಮ್ಮನೆಯವರ ಮೇಲಾ, ಲಿಫ್ಟ್ ಮೇಲಾ?”

ನಾನು ಹಾಗೇ ದಾಟಿಸಿದೆ. ಸಿನ್ಸೆ ನಕ್ಕರು. “ಲಿಫ್ಟ್ ಮೇಲೆ ನನಗೂ ಬರುತ್ತೆ ಲಾ. ಅದಕ್ಕೆ ಔಷಧಿ ಇಲ್ಲ” ಎಂದರು, ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ‘ಲಾ’ ಬಿಡದೆ.

ಅವರು ತಮ್ಮ ರೀತಿಯಲ್ಲಿ ವಿವರಿಸಿದರು. ಒಲೆಯ ಬೆಂಕಿ ಹೆಚ್ಚಾಗಿಲ್ಲ, ಪಾತ್ರೆಯ ನೀರು ಕಡಿಮೆಯಾಗಿದೆ, ಅದಕ್ಕೇ ಬಿಸಿ ಮೇಲೇರುತ್ತದೆ. ಬೆಂಕಿಗೆ ತಣ್ಣೀರು ಸುರಿಯುವುದು ಇದಕ್ಕೆ ಮದ್ದಲ್ಲ, ನೀರು ತುಂಬಿಸಬೇಕು. ಐಸ್ ಹಾಕಿದ್ದು ಏನೂ ಬೇಡ, ಬರಿಗಾಲಲ್ಲಿ ಟೈಲ್ಸ್ ಮೇಲೆ ನಡೆಯಬೇಡ. ಸಸ್ಯಾಹಾರಿ ಎಂದು ನಾನು ಹೇಳಿದ್ದರಿಂದ ಕತ್ತೆಯ ಚರ್ಮದಿಂದ ಮಾಡುವ ಅಂಟೊಂದನ್ನು ಬಿಟ್ಟು ಬರೀ ಬೇರು, ಕೆಂಪು ಖರ್ಜೂರಗಳ ಪೊಟ್ಟಣ ಕಟ್ಟಿಸಿದರು. ಔಷಧಿ ನಡೆಯುವಷ್ಟು ದಿನ ಮೂಲಂಗಿ, ಹೆಸರುಬೇಳೆ ತಿನ್ನಬಾರದು, ಎರಡೂ ಔಷಧಿಯ ಕಸುವು ತೆಗೆಯುತ್ತವೆ ಎಂದರು.

“ಕೋಸಂಬರಿ ಇಲ್ಲ, ಮೂಲಂಗಿ ಹುಳಿ ಇಲ್ಲ. ಇನ್ನೇನು ಉಳೀತು ಆಂಟಿ ನಮ್ಮನೇಲಿ?”

“ಬಾಯಿ ಉಳಿದಿದೆ. ಅದನ್ನ ಮುಚ್ಚಿಕೊಂಡು ಕೇಳು.”

ಹೊರಡುವಾಗ ಅವಳು ನನ್ನ ಸೆರಗು ಹಿಡಿದು ಮೆಲ್ಲಗೆ, “ನಿಲ್ಲುತ್ತಾ ಕೇಳಿ ಆಂಟಿ” ಎಂದಳು.

ಕುರ್ಚಿಯ ಮೇಲೆ ಶಾಲು ಹಾಸಿ ಕೂರುವವಳು ಬೇರೇನನ್ನು ಕೇಳುತ್ತಾಳೆ? ರಕ್ತಸ್ರಾವ ನಿಲ್ಲುತ್ತದೆಯೇ ಎಂದು ಸಿನ್ಸೆಯನ್ನು ಕೇಳಿದೆ. ಅವರು ಅವಳ ಕೈ ತಟ್ಟಿ, ನಿಲ್ಲುತ್ತದೆ, ಹೆದರಬೇಡ, ಒಂದೇ ಸಲಕ್ಕಲ್ಲ, ನಿಧಾನವಾಗಿ, ಅದು ದೇಹದ ಧರ್ಮ, ಕಷ್ಟ ಕೊಡದೆ ನಿಲ್ಲಲಿ ಎಂದೇ ಈ ಔಷಧಿ ಎಂದರು. ಮಲಯ್ ಭಾಷೆಯಲ್ಲಿ ನಿಲ್ಲುವುದಕ್ಕೆ ‘ಬೆರ್ಹೆಂತಿ’ ಎನ್ನುತ್ತಾರೆ. ಬಸ್ಸು ನಿಂತರೂ ಅದೇ, ಮಳೆ ನಿಂತರೂ ಅದೇ, ಇದ್ದದ್ದು ಇಲ್ಲವಾಗುವುದು.

ನಾನು ಕನ್ನಡದಲ್ಲಿ ಹೇಳಿದೆ: “ನಿಲ್ಲುತ್ತಂತೆ. ಹೆದರಬೇಡ ಅಂತಾರೆ. ನಿಧಾನವಾಗಿ ನಿಲ್ಲುತ್ತಂತೆ.”

ಅವಳು ಸಿನ್ಸೆಗೆ ಎರಡೂ ಕೈ ಮುಗಿದಳು.

ಕನ್ನಡದಲ್ಲಿ ಮುಟ್ಟೂ ನಿಲ್ಲುತ್ತದೆ, ಗರ್ಭವೂ ನಿಲ್ಲುತ್ತದೆ. ಒಂದು ಮುಗಿದುಹೋಗುವುದು, ಇನ್ನೊಂದು ಹಿಡಿದು ಉಳಿಯುವುದು. ಹೆಸರು ಬಿಟ್ಟು ಹೇಳಿದರೆ ಎರಡಕ್ಕೂ ಒಂದೇ ಮಾತು. ಅವಳು ಕೇಳಿದ್ದು ಒಂದು, ನಾನು ದಾಟಿಸಿದ್ದು ಇನ್ನೊಂದು, ಬಂದ ಉತ್ತರ ಅವಳ ಕೈ ಸೇರಿದ್ದು ಅವಳು ಕೇಳಿದ ಪ್ರಶ್ನೆಯ ಉತ್ತರವಾಗಿಯೇ.

ಆಮೇಲಿನ ವಾರಗಳಲ್ಲಿ ಅವಳಷ್ಟು ಶಿಸ್ತಾಗಿ ಕಷಾಯ ಕುಡಿದವರನ್ನು ನಾನು ಕಂಡಿಲ್ಲ. ಮಣ್ಣಿನ ಮಡಕೆ ತಂದಳು. ಪ್ರತಿದಿನ ಸಂಜೆ ಆಫೀಸಿನಿಂದ ಬಂದವಳೇ ಬೇರು ನೆನೆಸಿ, ಸಣ್ಣ ಉರಿಯಲ್ಲಿ ಬತ್ತಿಸುತ್ತಿದ್ದಳು. ಹಸಿ ಮಣ್ಣು, ಸುಟ್ಟ ಬೆಲ್ಲ, ಹಳೆಯ ಪುಸ್ತಕ ಮೂರೂ ಸೇರಿದಂಥ ವಾಸನೆ ನಮ್ಮ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು. “ನಿನ್ನ ಸೈನ್ಯದಲ್ಲಿ ಇನ್ನೊಬ್ಬಳು ಸೇರಿದಳೋ” ಎಂದು ಯಜಮಾನರು ಮೂಗು ಮುಚ್ಚಿಕೊಂಡು ಹೇಳುತ್ತಿದ್ದರು.

ಅವಳಿಗೆ ನಿದ್ದೆ ಬರತೊಡಗಿತು. ಮುಖ ತಿಳಿಯಾಯಿತು. ಲಿಫ್ಟ್ ತಡವಾದರೆ ಹಾಡು ಗುನುಗುತ್ತ ನಿಲ್ಲುವಳು. ನಾನು ಔಷಧಿ ಹತ್ತಿತು ಎಂದುಕೊಂಡೆ. ಹತ್ತಿಯೂ ಇರಬಹುದು. ಅವಳನ್ನು ಮಲಗಿಸುತ್ತಿದ್ದದ್ದರಲ್ಲಿ ಬೇರಿನ ಪಾಲು ಎಷ್ಟು, ಆಸೆಯ ಪಾಲು ಎಷ್ಟು, ನನಗೆ ಇವತ್ತಿಗೂ ಬೇರ್ಪಡಿಸಲು ಬಾರದು.

ಒಂದು ಶನಿವಾರ ಬೆಳಿಗ್ಗೆ ಅವಳು ಸ್ನಾನ ಮಾಡಿ ಒದ್ದೆ ಕೂದಲಲ್ಲೇ ನಮ್ಮ ಬಾಗಿಲಿಗೆ ಬಂದಳು. “ಆಂಟಿ, ನಿಂತಿದೆ” ಎಂದಳು. “ಎರಡು ತಿಂಗಳಾಯ್ತು.”

“ಒಳ್ಳೇದಾಯ್ತು ಬಿಡಮ್ಮ. ಒಂದು ಕಷ್ಟ ಕಳೀತು” ಎಂದೆ.

ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಮುಟ್ಟು ನಿಂತದ್ದಕ್ಕೆ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ. ಆದರೆ ನನಗೆ ಒಲೆಯ ಮೇಲೆ ಹಾಲಿತ್ತು, ಆ ವಾರ ಸಿನ್ಸೆಯಲ್ಲಿಗೆ ಬೇರೆ ಹೆಂಗಸರನ್ನು ಕರೆದುಕೊಂಡು ಹೋಗಿ ಬಂದು ಸಾಕಾಗಿತ್ತು. ಈಗಿನ ಹುಡುಗಿಯರಿಗೆ ಇಷ್ಟು ಮರ್ಯಾದೆ ಉಳಿದಿದೆಯಲ್ಲ ಎಂದು ಮಾತ್ರ ಹೊಳೆಯಿತು. “ಸಿನ್ಸೆ ಹತ್ರ ಒಂದ್ಸಲ ಕೈ ತೋರಿಸಿ ಬರೋಣ ಆಂಟಿ, ಇವತ್ತೇ” ಎಂದಳು. ಹೊರಟೆವು. ಕಾರು ನನ್ನದು, ನಡೆಸುವವಳೂ ನಾನೇ.

ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ನಮ್ಮ ಸರದಿಗೆ ಕಾಯುತ್ತ ಕೂತಾಗ ಅವಳ ತೊಡೆಯ ಮೇಲೆ ಒಂದು ಚೀಲವಿತ್ತು. ಅದರಿಂದ ಒಂದು ತಟ್ಟೆ ತೆಗೆದಳು. ತಟ್ಟೆಯಲ್ಲಿ ರವಿಕೆ ಕಣ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮದ ಸಣ್ಣ ಡಬ್ಬಿ. ಪಕ್ಕದ ಹೂವಿನ ಅಂಗಡಿಯಿಂದ ಒಂದು ಮೊಳ ಮಲ್ಲಿಗೆ ತಂದು ಅದರ ಮೇಲಿಟ್ಟಳು. ಸಿನ್ಸೆಗೆ ಕೊಡುವುದಕ್ಕೆ.

“ರವಿಕೆ ಕಣ ಇಟ್ಕೊಂಡು ಆಕೆ ಏನ್ ಮಾಡ್ತಾರೇ?” ಎಂದು ನಕ್ಕೆ.

“ಕೊಡೋದು ನನ್ನ ಕರ್ತವ್ಯ ಆಂಟಿ.” ನನ್ನ ಕಡೆ ವಾಲಿ, “ನಾಡೀಲೇ ಗಂಡೋ ಹೆಣ್ಣೋ ಹೇಳ್ತಾರಂತೆ, ಹೌದಾ?” ಎಂದಳು.

ನಾನು ಅವಳ ಮುಖ ನೋಡಿದೆ. ತಟ್ಟೆ ನೋಡಿದೆ.

“ಏನು ನಿಂತಿದೆ ಅಂದೆ ನೀನು?”

“ಅದೇ ಆಂಟಿ.”

“ಅದೇ ಅಂದ್ರೆ ಯಾವುದು? ಬಾಯಿ ಬಿಟ್ಟು ಹೇಳು.”

“ಗರ್ಭ” ಎಂದಳು. ಹೇಳಿ ಸುತ್ತ ನೋಡಿದಳು, ಅಲ್ಲಿ ಕನ್ನಡ ಬಲ್ಲವರು ಇದ್ದಾರೇನೋ ಎಂಬಂತೆ.

ಒಳಗೆ ಹೋದಮೇಲೆ ಸಿನ್ಸೆಯ ಬಾಯಿಂದಲೇ ತಿಳಿಯಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಸಿನ್ಸೆ ಏನು ಹೇಳಿದರೂ ಅದು ನನ್ನ ಬಾಯಿಂದಲೇ ಬರಬೇಕಿತ್ತು. “ನಾನು ಅವತ್ತು ಹೇಳಿದ್ದು ಮುಟ್ಟು ನಿಲ್ಲುತ್ತೆ ಅಂತ ಕಣಮ್ಮ” ಎಂದೆ.

“ಇಲ್ಲ. ನೀವು ಹಂಗೆ ಹೇಳ್ಲಿಲ್ಲ.”

“ಹೌದು, ಹಾಗೆ ಹೇಳ್ಲಿಲ್ಲ. ನೀನೂ ಬಿಡಿಸಿ ಕೇಳ್ಲಿಲ್ಲ.”

ಅವಳು ತಟ್ಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಳು. ಟಯರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಓಡುತ್ತಿತ್ತು. ಅದು ಸುಮ್ಮನಾದ ಮೇಲೆ, “ಆದ್ರೂ ಇರಬಹುದಲ್ಲ ಆಂಟಿ. ಎರಡು ತಿಂಗಳಾಗಿದೆ” ಎಂದಳು.

ಇರಬಹುದಿತ್ತು. ಈ ವಯಸ್ಸಿನಲ್ಲಿ ಇಲ್ಲವೇ ಇಲ್ಲ ಎಂದು ಯಾರೂ ಹೇಳಲಾರರು. ಪರೀಕ್ಷೆ ಮಾಡಿಕೊಂಡೆಯಾ ಎಂದು ಕೇಳಿದೆ.

“ಇಲ್ಲ. ಆ ಕಡ್ಡಿ ನೋಡಿ ನೋಡಿ ಸಾಕಾಗಿದೆ. ಮದ್ವೆ ಆದಾಗಿಂದ ಅದನ್ನೇ ನೋಡಿದೀನಿ. ಅದರ ಮುಖ ಇನ್ನು ನೋಡಲ್ಲ ಅಂತ ಇದ್ದೆ, ನಾಡೀಲಿ ಹೇಳ್ತಾರೆ ಅಂತ ಬಂದೆ.”

“ನಿಮ್ಮನೆಯವರಿಗೆ ಗೊತ್ತಾ?”

“ಅವರು ಸಾಕು ಅಂದು ಎಷ್ಟೋ ಕಾಲ ಆಯ್ತು. ನಾಯಿ ಸಾಕೋಣ ಅಂತಾರೆ.” ತಲೆ ತಗ್ಗಿಸಿದಳು. “ಅತ್ತೆಗೆ ಹೇಳ್ಬಿಟ್ಟೆ, ನಿನ್ನೆ. ನಿಂತಿದೆ ಅಂತ.”

ಒಳಗಿನಿಂದ ಕರೆದರು. ಸಿನ್ಸೆ ತಟ್ಟೆಯನ್ನು ನೋಡಿ ಖುಷಿಯಿಂದ ಎದ್ದು ಎರಡೂ ಕೈಯಲ್ಲಿ ತೆಗೆದುಕೊಂಡರು, ಮಲ್ಲಿಗೆ ಮೂಸಿದರು, ಮೇಜಿನ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ತಕ್ಕಡಿಯ ಪಕ್ಕ ಇಟ್ಟರು. ಆಮೇಲೆ ನಾಡಿ ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕಡೆ ತಿರುಗಿ, “ನೀವು ಸುಮ್ನಿರಿ ಆಂಟಿ” ಎಂದಳು. ಸಿನ್ಸೆಯ ಕಣ್ಣನ್ನೇ ನೋಡುತ್ತ ಕೇಳಿದಳು.

“ಬೇಬಿ. ಬೋಲೆ? ತಾ ಬೋಲೆ?”

ಆಗುತ್ತದೆಯೋ, ಆಗುವುದಿಲ್ಲವೋ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ಈಗ ಸಿಗುತ್ತದೆಯೋ ಎಂದು ಕೇಳಲು ಕಲಿತ ಮಲಯ್ ಅದು. ಸಿನ್ಸೆಯ ಬೆರಳುಗಳು ಅವಳ ಮಣಿಕಟ್ಟಿನ ಮೇಲೇ ಇದ್ದವು. ಅವರು ನನ್ನನ್ನು ನೋಡಿದರು. ನಾನು ಸುಮ್ಮನಿದ್ದೆ. ಅವರು ತಮ್ಮ ತರಕಾರಿ ಇಂಗ್ಲಿಷಿನಲ್ಲೇ ಒಂದೊಂದೇ ಮಾತು ಆರಿಸಿ ಉತ್ತರ ಕೊಟ್ಟರು.

“ಐ ಥಿಂಕ್, ನೋ ಬೇಬಿ. ಮೈ ಫಿಂಗರ್ ನಾಟ್ ಮೆಷಿನ್. ಯೂ ಗೋ ಟೆಸ್ಟ್. ಟುಡೇ, ಯಾ? ಮೈ ಮೆಡಿಸಿನ್, ನಾಟ್ ಫಾರ್ ಬೇಬಿ. ಫಾರ್ ಯೂ.”

ದಾಟಿಸುವುದಕ್ಕೆ ನನಗೆ ಏನೂ ಉಳಿದಿರಲಿಲ್ಲ.

ಅದೇ ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಔಷಧಿಯ ಕ್ಲಿನಿಕ್ ಇದೆ. ನಾನೂ ಬರಲೇ ಎಂದೆ, ಬೇಡ ಎಂದಳು. ನಾನು ಹೂವಿನ ಅಂಗಡಿಯ ನೆರಳಿನಲ್ಲಿ ನಿಂತೆ. ನಿಲ್ಲಲಾಗದೆ ಹೂವಿನವಳು ಕೊಟ್ಟ ಸ್ಟೂಲಿನ ಮೇಲೆ ಕೂತೆ. ನನಗೆ ನಿಂತಾಗ ನಾನು ಹಾಸ್ಟೆಲಿನಲ್ಲಿದ್ದೆ, ನೂರಾರು ಹುಡುಗಿಯರ ನೋವಿಗೆ ಬಿಸಿನೀರಿನ ಚೀಲ ತುಂಬಿಸಿ ಕೊಡುತ್ತಿದ್ದೆ. ನನ್ನ ಬೆವರನ್ನು ಯಾರೂ ನೋಡಲಿಲ್ಲ, ನಾನೂ ತೋರಿಸಲಿಲ್ಲ. ಬೆಳಗಿನ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಿದರೆ ಉಳಿದದ್ದೆಲ್ಲ ತಾನೇ ಸರಿಹೋಗುತ್ತದೆಂದು ನಂಬಿದ್ದ ಕಾಲ. ಸರಿಹೋಯಿತೋ, ಅಥವಾ ನಾನು ದಣಿದು ಗಮನಿಸುವುದನ್ನು ಬಿಟ್ಟೆನೋ ಹೇಳಲಾರೆ.

ಅವಳು ಹೊರಗೆ ಬಂದು, “ಇಲ್ಲ” ಎಂದಳು. ಕಾರಿನ ತನಕ ನನ್ನ ತೋಳು ಹಿಡಿದುಕೊಂಡು ನಡೆದಳು. ನನ್ನ ಮಂಡಿಗೆ ಆಸರೆ ಕೊಡುವ ನೆಪದಲ್ಲಿ.

ಟೋಲ್ ಹತ್ತಿರ ಕಾರುಗಳು ತೆವಳುತ್ತಿದ್ದವು. ಅವಳ ಫೋನ್ ಹೊಡೆದುಕೊಂಡಿತು. ಅತ್ತೆ. ತೆಗೆಯುವುದೋ ಬೇಡವೋ ಎಂದು ನೋಡುತ್ತ ಕೂತಳು, ಅದು ತಾನೇ ಅಡಗಿತು, ಮತ್ತೆ ಹೊಡೆದುಕೊಂಡಿತು. ತೆಗೆಯಲು ಹೋಗಿ ಸ್ಪೀಕರ್ ಒತ್ತಿಹೋಯಿತು. ಆ ಕಡೆಯ ದನಿ ಕಾರಿನ ತುಂಬ ತುಂಬಿಕೊಂಡಿತು.

“ಏನಂದ್ರೇ ಡಾಕ್ಟ್ರು? ಎಷ್ಟನೇ ತಿಂಗಳಂತೆ? ಹುಳಿ ಬೇಕನ್ನಿಸ್ತಾ? ನಾನು ರಾಘವೇಂದ್ರಸ್ವಾಮಿಗಳಿಗೆ ಹೇಳ್ಕೊಂಡಿದೀನಿ, ಯಾರಿಗೂ ಹೇಳಿಲ್ಲ ಕಣೇ, ನಿಮ್ಮ ದೊಡ್ಡತ್ತೆಗೆ ಮಾತ್ರ...”

“ಅತ್ತೆ.”

“ಹೇಳೇ.”

“ಮಗು ಇಲ್ಲ ಅತ್ತೆ. ನನಗೆ ಮುಟ್ಟು ನಿಲ್ತಾ ಇದೆ. ನಿಂತಿದೆ ಅಂದಿದ್ದು ಅದು. ಇನ್ಮೇಲೆ ವಿಶೇಷ ಇದೆಯಾ ಅಂತ ಕೇಳ್ಬೇಡಿ.”

ಆ ಕಡೆ ಯಾರೋ ಟಿವಿಯ ದನಿ ತಗ್ಗಿಸಿದರು. ಮುಂದಿನ ಕಾರು ಸರಿದದ್ದನ್ನು ನಾನು ನೋಡಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

“ನಲವತ್ತನಾಲ್ಕಲ್ವೇನೇ ನಿಂಗೆ?” ಎಂದರು ಅತ್ತೆ.

“ಹೂಂ.”

“ನಂಗೂ ಬೇಗ್ನೇ ಆಯ್ತು. ಆಗ ನಿಮ್ಮ ಮಾವಂಗೆ ಹುಚ್ಚು ಹಿಡ್ಸಿದ್ದೆ. ದೊಡ್ಡತ್ತೆಗೆ ನಾನೇ ಹೇಳ್ತೀನಿ ಬಿಡು. ಊಟ ಮಾಡ್ದ್ಯಾ?”

“ಇಲ್ಲ.”

“ಮಾಡು. ಇಡ್ತೀನಿ.”

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಅಳುತ್ತಾಳೆಂದು ನಾನು ಕಾಗದದ ಕರವಸ್ತ್ರದ ಡಬ್ಬಿಯನ್ನು ಅವಳ ಕಡೆ ಸರಿಸಿದೆ. ಅಳಲಿಲ್ಲ. ಹೊರಡುವಾಗ ಸಿನ್ಸೆ ಕೊಟ್ಟ ಹೊಸ ಪೊಟ್ಟಣಗಳನ್ನು ಮಡಿಲಲ್ಲಿ ಸರಿಮಾಡಿಕೊಂಡು, “ಇದನ್ನ ಕುಡಿಯೋದಾ ಆಂಟಿ ಇನ್ನೂ?” ಎಂದಳು.

“ನಿನಗೆ ಅಂತ ಕೊಟ್ಟಿದ್ದು. ನಿನ್ನಿಷ್ಟ.”

“ಕಹಿ.”

“ಮೊದಲೂ ಕಹಿಯೇ ಇತ್ತಲ್ಲ.”

“ಮೊದಲು ಗೊತ್ತಾಗ್ತಿರಲಿಲ್ಲ” ಎಂದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಲೆ ಕಿಟಕಿಗೆ ಒರಗಿತು. ಬಾಯಿ ಸ್ವಲ್ಪ ತೆರೆದು ನಿದ್ದೆ ಹೋದಳು.

ನಮ್ಮ ಕಟ್ಟಡದ ಮುಂದೆ, ಸಾಮಾನು ಇಳಿಸುವ ಜಾಗದಲ್ಲಿ ಕಾರು ನಿಲ್ಲಿಸಿದೆ. ಎಬ್ಬಿಸಬೇಕಿತ್ತು. ಊಟದ ಹೊತ್ತು ಮೀರಿತ್ತು, ಯಜಮಾನರು ತಟ್ಟೆ ಹಾಕಿಕೊಂಡು ಕಾಯುತ್ತಿರುತ್ತಾರೆ. ನನ್ನ ಮಂಡಿ ಮರಗಟ್ಟಿತ್ತು. ಎಂಜಿನ್ ಆರಿಸಿದರೆ ಏಸಿ ಹೋಗಿ ಅವಳಿಗೆ ಎಚ್ಚರವಾದೀತೆಂದು ಆರಿಸದೆ ಕೂತೆ.

ಕಾವಲಿನವನು ಬಂದು ಕಿಟಕಿ ತಟ್ಟಿದ. ಗಾಜು ಅರ್ಧ ಇಳಿಸಿದೆ.

“ಇಲ್ಲಿ ನಿಲ್ಲಿಸೋ ಹಾಗಿಲ್ಲ ಲಾ ಆಂಟಿ” ಎಂದ ಮಲಯ್‌ನಲ್ಲಿ. “ನಿಮಗೇ ಗೊತ್ತಲ್ಲ, ನೀವೇ ಎಲ್ಲರ ಮೇಲೆ ದೂರು ಹೇಳೋರು.”

“ಮೆಲ್ಲಗೆ ಮಾತಾಡು” ಎಂದೆ.

ಅವನು ಒಳಗೆ ಬಗ್ಗಿ ನೋಡಿದ. ದನಿ ತಗ್ಗಿಸಿ, “ಎಷ್ಟು ಹೊತ್ತು?” ಎಂದು ಕೇಳಿದ.

“ಗೊತ್ತಿಲ್ಲ” ಎಂದೆ.